ಬೇಸಿಗೆಯಲ್ಲಿ ಸ್ಕೌಟ್ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವುದು ಹೇಗೆ? ಹತ್ತೂವರೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಬೇಸಿಗೆ ರಜೆ ಬಂತು ಅಂದರೆ ದಳದ ಮಕ್ಕಳು ಕೇಳುವುದು ಒಂದೇ ಮಾತು: ‘ಸಾರ್, ಹೈಕ್ ಯಾವಾಗ?’ ಕರೆದುಕೊಂಡು ಹೋಗಲೇಬೇಕು. ಶಾಲೆ ಮೈದಾನದಲ್ಲಿ ಗಂಟು, ದಿಕ್ಸೂಚಿ, ಪ್ರಥಮ ಚಿಕಿತ್ಸೆ ಎಷ್ಟು ಹೇಳಿಕೊಟ್ಟರೂ ಕಾಡುದಾರಿಯಲ್ಲಿ ಒಂದು ದಿನ ನಡೆಯದೆ ಅದು ಮಕ್ಕಳ ಮೈಗೆ ಹತ್ತುವುದಿಲ್ಲ. ಆದರೆ ಮೈಸೂರು, ಮಂಡ್ಯ ಕಡೆಯ ಬೆಟ್ಟಗಳು ಮಲೆನಾಡಿನಂತಲ್ಲ. ಬಂಡೆ ಜಾಸ್ತಿ, ಮರ ಕಡಿಮೆ. ನಡುವೆ ಕುರುಚಲು, ಲಂಟಾನ, ಮುಳ್ಳು. ಏಪ್ರಿಲ್, ಮೇ ತಿಂಗಳಲ್ಲಿ ಆ ಬಂಡೆ ಕಾದರೆ ಕೈ ಇಡಲಾಗುವುದಿಲ್ಲ.

ಹಾಗಾಗಿ ನಾನು ಯೋಜನೆ ಶುರು ಮಾಡುವುದು ಬೆಟ್ಟದಿಂದಲ್ಲ, ಗಡಿಯಾರದಿಂದ. ಬೆಳಿಗ್ಗೆ 10:30ಕ್ಕೆ ದಳದ ಪ್ರತಿ ಮಗುವೂ ಬಂಡೆ ಇಳಿದು ಮರದ ನೆರಳಲ್ಲಿ ಕೂತಿರಬೇಕು. ಈ ಒಂದು ಮಾತನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಯಾವ ಬೆಟ್ಟ, ಎಷ್ಟು ಹೊತ್ತಿಗೆ ಬಸ್ಸು, ಎಷ್ಟು ನೀರು, ಏನು ತಿಂಡಿ, ಎಲ್ಲವೂ ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ತಾನಾಗಿ ಸಿಗುತ್ತವೆ.

ಹತ್ತೂವರೆಯೇ ಯಾಕೆ? ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ನಾಲ್ಕನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಎಷ್ಟು ದೊಡ್ಡ ಬಂಡೆ ಇದ್ದರೂ ಅದರ ಪಕ್ಕದಲ್ಲಿ ನೆರಳು ಸಿಗುವುದಿಲ್ಲ. ‘ಬಂಡೆ ಮರೆಯಲ್ಲಿ ಸುಧಾರಿಸಿಕೊಂಡರಾಯ್ತು’ ಅನ್ನುವ ಧೈರ್ಯ ಆ ದಿನಗಳಲ್ಲಿ ನಡೆಯುವುದಿಲ್ಲ. ಇನ್ನೊಂದು ಕಾರಣ ಮಳೆ. ಈ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲಿನ ಮಳೆ ಬರುವುದು ನಮ್ಮಲ್ಲಿ ಮಾಮೂಲು. ಬೋಳು ಬಂಡೆಯ ನೆತ್ತಿ ಆಗ ಇರಬಾರದ ಜಾಗ.

ಯಾವ ಬೆಟ್ಟ?

ಮೊದಲು ಬೇಡವಾದವನ್ನು ಬಿಡೋಣ. ನಾಗರಹೊಳೆ, ಬಂಡೀಪುರ ಹುಲಿ ಸಂರಕ್ಷಿತ ಕಾಡುಗಳು. ಅಲ್ಲಿ ದಳ ಕಟ್ಟಿಕೊಂಡು ನಡೆದಾಡುವ ಮಾತೇ ಇಲ್ಲ. ಬಲಮುರಿ, ಎಡಮುರಿ, ಮುತ್ತತ್ತಿ ಕಡೆ ಹೊಳೆ ಇರುವ ಜಾಗಗಳೂ ಬೇಡ. ಬಿಸಿಲಲ್ಲಿ ನಡೆದು ಬಂದ ಮಕ್ಕಳನ್ನು ನೀರಿನ ಮುಂದೆ ತಡೆದು ನಿಲ್ಲಿಸುವುದು ಯಾರಿಂದಲೂ ಆಗದ ಕೆಲಸ. ಕಾವೇರಿಯಲ್ಲಿ ಈಜಲು ಇಳಿದು ಜೀವ ಕಳೆದುಕೊಂಡವರ ಸುದ್ದಿಯನ್ನು ನಾವು ಬೇಸಿಗೆಯಲ್ಲಿ ಓದುತ್ತಲೇ ಇರುತ್ತೇವೆ.

ಉಳಿದವುಗಳಲ್ಲಿ ನನ್ನ ಆಯ್ಕೆ ಹೀಗಿದೆ. ಹೊಸ ಮಕ್ಕಳಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರದಷ್ಟು ಮೆಟ್ಟಿಲು, ಏಳುನೂರರ ಆಸುಪಾಸಿನಲ್ಲಿ ದೊಡ್ಡ ನಂದಿ. ಇದನ್ನು ಹೈಕ್ ಅಂತ ಲೆಕ್ಕಕ್ಕೆ ಹಿಡಿಯಬೇಡಿ, ಪರೀಕ್ಷೆ ಅಂತ ಹಿಡಿಯಿರಿ. ನಿಜವಾದ ಹೈಕ್‌ಗೆ ಎರಡು ಮೂರು ವಾರ ಮುಂಚೆ ಒಂದು ಬೆಳಿಗ್ಗೆ ಮಕ್ಕಳನ್ನು ಇಲ್ಲಿ ಹತ್ತಿಸಿ. ಯಾರಿಗೆ ಉಬ್ಬಸ ಬರುತ್ತದೆ, ಯಾರ ಶೂ ಕಚ್ಚುತ್ತದೆ, ಯಾರು ನೀರು ಕುಡಿಯುವುದನ್ನೇ ಮರೆಯುತ್ತಾರೆ ಅನ್ನುವುದು ನಂದಿ ತಲುಪುವಷ್ಟರಲ್ಲಿ ಗೊತ್ತಾಗುತ್ತದೆ.

ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ ಚಿಕ್ಕ ದಳಕ್ಕೆ ಒಳ್ಳೆಯದು. ಮೆಟ್ಟಿಲಿನ ಜೊತೆ ಗುಡಿಯವರೆಗೆ ಡಾಂಬರು ರಸ್ತೆಯೂ ಇದೆ. ಯಾರಿಗಾದರೂ ಆಗದಿದ್ದರೆ ಗಾಡಿ ಮೇಲಕ್ಕೇ ಬರುತ್ತದೆ. ಮೇಲುಕೋಟೆಯಲ್ಲಿ ಕಲ್ಯಾಣಿ, ಮಂಟಪ, ಯೋಗಾನರಸಿಂಹನ ಬೆಟ್ಟ, ಸುತ್ತಲಿನ ಕಾಡು ಎಲ್ಲ ಸೇರಿ ಉದ್ದ ನಡಿಗೆ ಸಿಗುತ್ತದೆ. ಆದರೆ ಆ ಕಾಡಿನ ಬಹುಭಾಗ ವನ್ಯಜೀವಿ ಧಾಮ. ದಾರಿ ಬಿಟ್ಟು ಒಳಗೆ ಹೋಗುವುದಾದರೆ ಅನುಮತಿ ಬೇಕು. ವೈರಮುಡಿ ಜಾತ್ರೆಯ ದಿನಗಳಲ್ಲಂತೂ ಅತ್ತ ಹೋಗಬೇಡಿ.

ಸ್ವಲ್ಪ ಪಳಗಿದ, ಹನ್ನೆರಡು ದಾಟಿದ ಮಕ್ಕಳಿಗೆ ಪಾಂಡವಪುರದ ಕುಂತಿ ಬೆಟ್ಟ. ಮೈಸೂರು, ಮಂಡ್ಯ ಎರಡೂ ಕಡೆಯಿಂದ ಹತ್ತಿರ. ವನವಾಸದಲ್ಲಿ ಕುಂತಿ, ಪಾಂಡವರು ಇಲ್ಲಿದ್ದರು ಅನ್ನುವ ಕಥೆ ಇದೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಊರಿಗೇ ಫ್ರೆಂಚ್ ರಾಕ್ಸ್ ಅನ್ನುವ ಹೆಸರಿತ್ತು. ಬಂಡೆ ಏರುವ ಜಾಗಗಳು ಮಕ್ಕಳಿಗೆ ಖುಷಿ ಕೊಡುತ್ತವೆ. ಮುಂದಿನ ಲೆಕ್ಕವನ್ನೆಲ್ಲ ಈ ಬೆಟ್ಟ ಇಟ್ಟುಕೊಂಡೇ ಹೇಳುತ್ತೇನೆ.

ಅನುಮತಿ ಮತ್ತು ಕಾಗದ

ಮೂರು ವಾರ ಮುಂಚೆ ಶುರು ಮಾಡಿ. ಮುಖ್ಯ ಶಿಕ್ಷಕರಿಗೆ, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ನಿಮ್ಮ ಸ್ಥಳೀಯ ಸಂಸ್ಥೆಗೆ ಪತ್ರ. ಆ ಭಾಗದ ವಲಯ ಅರಣ್ಯಾಧಿಕಾರಿ ಕಚೇರಿಗೆ ನೀವೇ ಖುದ್ದಾಗಿ ಹೋಗಿ. ಫೋನಲ್ಲಿ ಮುಗಿಸಬೇಡಿ. ಚಾರಣಕ್ಕೆ ಈಗ ಅವಕಾಶ ಇದೆಯಾ, ಬೆಂಕಿ ಬಿದ್ದಿದೆಯಾ, ಚಿರತೆ ಓಡಾಟ ಇದೆಯಾ ಅಂತ ಕೇಳಿ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಬೆಂಕಿ ಬೀಳುವ ಭಯದಿಂದ ಬೆಟ್ಟ ಮುಚ್ಚುವುದೂ ಉಂಟು. ಅವರು ಬೇಡ ಅಂದರೆ ಬೇಡ. ವಾದ ಮಾಡಿ ಒಪ್ಪಿಸುವ ವಿಷಯ ಇದಲ್ಲ. ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ.

ಅಪ್ಪ ಅಮ್ಮಂದಿರ ಒಪ್ಪಿಗೆ ಪತ್ರದಲ್ಲಿ ಸಹಿ ಒಂದೇ ಸಾಲದು. ಮಗುವಿಗೆ ಆಸ್ತಮಾ, ಫಿಟ್ಸ್, ಜೇನು ಕಚ್ಚಿದರೆ ಊದಿಕೊಳ್ಳುವುದು, ಯಾವುದಾದರೂ ಔಷಧಿ ಒಗ್ಗದಿರುವುದು ಇದ್ದರೆ ಬರೆಸಿಕೊಳ್ಳಿ. ಇನ್‌ಹೇಲರ್ ಬಳಸುವ ಮಗುವಿನ ಜೇಬಲ್ಲೇ ಅದು ಇರಬೇಕು. ಗೈಡ್ಸ್ ಹುಡುಗಿಯರು ಇದ್ದರೆ ಮಹಿಳಾ ಕ್ಯಾಪ್ಟನ್ ಇಲ್ಲದೆ ಹೊರಡಬೇಡಿ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು, ಮೇಲೊಬ್ಬರು ಹೆಚ್ಚುವರಿ. ಯಾರಾದರೂ ಗಾಯಗೊಂಡ ಮಗುವಿನ ಜೊತೆ ಆಸ್ಪತ್ರೆಗೆ ಹೋದರೂ ಉಳಿದ ಮಕ್ಕಳ ಜೊತೆ ಸಾಕಷ್ಟು ಜನ ಇರಬೇಕಲ್ವಾ?

ಮೊದಲು ನೀವು ಹತ್ತಿ ಬನ್ನಿ

ಹೈಕ್‌ಗೆ ಎರಡು ವಾರ ಮುಂಚೆ ಇಬ್ಬರು ಹೋಗಿ ಅದೇ ದಾರಿ, ಅದೇ ಹೊತ್ತಲ್ಲಿ ಹತ್ತಿ ಇಳಿಯಿರಿ. ಹಿಂದೆ ಯಾವಾಗಲೋ ಹೋಗಿದ್ದ ನೆನಪು ಸಾಲದು. ದಾರಿಯಲ್ಲಿ ಬರೆದುಕೊಳ್ಳಬೇಕಾದ್ದು: ನೆರಳಿನ ಮರಗಳು ಎಲ್ಲೆಲ್ಲಿವೆ, ಕೈ ಊರಿ ಹತ್ತುವ ಜಾಗ ಯಾವುದು, ಫೋನ್ ಸಿಗ್ನಲ್ ಎಲ್ಲಿ ಹೋಗುತ್ತದೆ, ಬಂಡೆ ಮಡಿಲಲ್ಲಿ ಹೆಜ್ಜೇನು ಗೂಡು ಇದೆಯಾ, ಬುಡದಲ್ಲಿ ಶೌಚಾಲಯ ಇದೆಯಾ. ಕೊನೆಯದನ್ನು ಗಂಡಸರು ಮರೆಯುತ್ತಾರೆ. ಶೌಚಾಲಯ ಇಲ್ಲ ಅಂತ ಗೊತ್ತಾದರೆ ಹುಡುಗಿಯರು ನೀರನ್ನೇ ಕುಡಿಯುವುದಿಲ್ಲ. ಬಿಸಿಲಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ. ಹತ್ತಿರದ ಶಾಲೆಯನ್ನೋ ಗುಡಿಯವರನ್ನೋ ಮಾತಾಡಿಸಿ ಮೊದಲೇ ವ್ಯವಸ್ಥೆ ಮಾಡಿ, ಮಕ್ಕಳಿಗೂ ಹೇಳಿಬಿಡಿ.

ನೀವು ಹತ್ತಿದ ಸಮಯಕ್ಕೆ ಅರ್ಧದಷ್ಟು ಸೇರಿಸಿ. ನಿಮಗೆ ಒಂದು ಗಂಟೆ ಆದರೆ ಮಕ್ಕಳಿಗೆ ಒಂದೂವರೆ. ಇಳಿಯುವುದು ಬೇಗ ಆಗುತ್ತದೆ ಅಂದುಕೊಳ್ಳಬೇಡಿ. ಬಂಡೆಯ ಮೇಲೆ ಮಕ್ಕಳು ಜಾರುವುದು ಇಳಿಯುವಾಗಲೇ. ಅದಕ್ಕೂ ಒಂದೂವರೆ ಗಂಟೆ ಇಡಿ.

ಈಗ ಹಿಂದಕ್ಕೆ ಎಣಿಸಿ. 10:30ಕ್ಕೆ ನೆರಳು. ಹಾಗಾದರೆ 9ಕ್ಕೆ ಇಳಿಯಲು ಶುರು. ಹತ್ತಲು ಒಂದೂವರೆ ಗಂಟೆ, ಮೇಲೆ ಕೂರಲು ಅರ್ಧ ಗಂಟೆ, ನಡುವೆ ನಿಲ್ಲುವುದಕ್ಕೆ ಇಪ್ಪತ್ತು ನಿಮಿಷ. ಅಲ್ಲಿಗೆ 6:40ಕ್ಕೆ ಬುಡ ಬಿಡಬೇಕು. ಈ ದಿನಗಳಲ್ಲಿ ಸೂರ್ಯ ಹುಟ್ಟುವುದು ಆರರ ಸುಮಾರಿಗೆ. ಅದಕ್ಕಿಂತ ಮುಂಚೆ, ಮಬ್ಬಲ್ಲಿ ಹತ್ತಬಾರದು. ಅದು ಚಿರತೆ ಓಡಾಡುವ ಹೊತ್ತು. 6:15ಕ್ಕೆ ಬುಡ ತಲುಪಿದರೆ ತಲೆ ಎಣಿಸಿ, ಪ್ರಾರ್ಥನೆ ಮಾಡಿ, ಶೂ ಲೇಸು ನೋಡಲು ಸಮಯ ಸಿಗುತ್ತದೆ. ಊರಿಂದ ಐದಕ್ಕೆ ಗಾಡಿ ಹೊರಡಬೇಕು. ಆ ಹೊತ್ತಿನ ಸರ್ವಿಸ್ ಬಸ್ಸು, ರೈಲನ್ನು ನೆಚ್ಚಿಕೊಂಡರೆ ಲೆಕ್ಕ ಕೆಡುತ್ತದೆ. ಶಾಲೆ ವ್ಯಾನೋ ಮಿನಿ ಬಸ್ಸೋ ಮಾಡಿಕೊಳ್ಳಿ. ಅದು ದಿನವಿಡೀ ಬುಡದಲ್ಲೇ ನಿಂತಿರಲಿ.

9 ಗಂಟೆ ಅನ್ನುವುದು ತಿರುಗುವ ಸಮಯ. ತುದಿ ಮುಟ್ಟಿರಲಿ, ಬಿಡಲಿ, 9ಕ್ಕೆ ಎಲ್ಲರೂ ತಿರುಗಬೇಕು. ಇದನ್ನು ಹಿಂದಿನ ದಿನವೇ ಮಕ್ಕಳಿಗೆ ಹೇಳಿ. ಬೆಟ್ಟದ ಮೇಲೆ ಹೇಳಿದರೆ ‘ಇನ್ನೊಂದು ಹತ್ತೇ ನಿಮಿಷ ಸಾರ್’ ಅನ್ನುವ ಕೂಗು ಏಳುತ್ತದೆ. ಅದನ್ನು ಕೇಳಿ ಕರಗದೇ ಇರುವುದು ಕಷ್ಟ.

ಕೆಲಸ ಮಕ್ಕಳ ಕೈಗೆ ಕೊಡಿ

ಮೇಲಿನ ಲೆಕ್ಕವನ್ನು ನೀವು ಮಾಡಿ ಮಕ್ಕಳಿಗೆ ಕೊಟ್ಟರೆ ಅದು ಪಿಕ್‌ನಿಕ್. ಪಟ್ರೋಲ್ ಅಂದರೆ ದಳದೊಳಗಿನ ಚಿಕ್ಕ ಗುಂಪು. ಆ ಗುಂಪುಗಳ ಲೀಡರ್‌ಗಳ ಸಭೆ ಕರೆದು, 10:30 ಅಂತ ಬೋರ್ಡಿನ ಮೇಲೆ ಬರೆದು, ಉಳಿದದ್ದನ್ನು ಅವರಿಂದಲೇ ಲೆಕ್ಕ ಹಾಕಿಸಿದರೆ ಅದು ಸ್ಕೌಟಿಂಗ್. ಒಂದು ಪಟ್ರೋಲ್‌ಗೆ ನೀರು, ಒಂದಕ್ಕೆ ತಿಂಡಿ, ಒಂದಕ್ಕೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಒಂದಕ್ಕೆ ದಾರಿ ಮತ್ತು ನಕ್ಷೆ. ಆರೆಂಟು ಮಕ್ಕಳ ಗುಂಪು ತಾನೇ ಪಟ್ಟಿ ಬರೆದರೆ ಏನನ್ನೂ ಮರೆಯುವುದಿಲ್ಲ. ಮರೆತರೂ ಹೊರಡುವ ಹಿಂದಿನ ಸಂಜೆ ಬ್ಯಾಗ್ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ತಪಾಸಣೆ ಹಿಂದಿನ ಸಂಜೆಯೇ ಆಗಬೇಕು. ಬೆಳಿಗ್ಗೆ ಐದಕ್ಕೆ ಅಂಗಡಿ ತೆರೆದಿರುವುದಿಲ್ಲ.

ನೀರು, ತಿಂಡಿ, ಬ್ಯಾಗು

ಮಗುವಿನ ಬ್ಯಾಗು ಅದರ ತೂಕದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರಲಿ. 35 ಕಿಲೋ ಮಗುವಿಗೆ ಮೂರೂವರೆ ಕಿಲೋ. ಅದರಲ್ಲಿ ಎರಡು ಕಿಲೋ ನೀರೇ. ಎರಡು ಲೀಟರ್ ಕಡ್ಡಾಯ. ಉಳಿದದ್ದರಲ್ಲಿ ಟೋಪಿ, ತಿಂಡಿ ಡಬ್ಬಿ, ಒಂದು ಟವೆಲ್, ಸೀಟಿ, ನೋಟ್‌ಬುಕ್ ಮಾತ್ರ ಹಿಡಿಯುತ್ತದೆ. ಬೇರೆ ಏನೂ ಬೇಡ. ಇಳಿದ ಮೇಲಿನ ನೀರು ಗಾಡಿಯಲ್ಲಿರಲಿ. 24 ಮಕ್ಕಳು, ನಾಲ್ವರು ದೊಡ್ಡವರು ಇದ್ದರೆ 20 ಲೀಟರಿನ ಮೂರು ಕ್ಯಾನ್ ಇಟ್ಟುಕೊಳ್ಳಿ. ಕುಡಿಯಲು, ಕೈ ತೊಳೆಯಲು, ತಲೆ ಒದ್ದೆ ಮಾಡಲು ಸರಿಹೋಗುತ್ತದೆ. ಬೆಟ್ಟದ ದೊಣೆ, ಕೊಳದ ನೀರು ಕುಡಿಯುವುದು ಬೇಡ.

ಬಾಯಾರಿದಾಗ ಕುಡಿಯಿರಿ ಅಂದರೆ ಮಕ್ಕಳು ಕುಡಿಯುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ, ಎಲ್ಲರೂ ನಾಲ್ಕು ಗುಟುಕು. ಓಆರ್‌ಎಸ್ ಪೊಟ್ಟಣ ಸಾಕಷ್ಟಿರಲಿ, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಪೊಟ್ಟಣ ಇಲ್ಲದಾಗ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಮೂತ್ರ ಗಾಢ ಹಳದಿ ಆದರೆ ನೀರು ಸಾಲುತ್ತಿಲ್ಲ ಅಂತ ಅರ್ಥ, ಇದನ್ನೂ ನಾಚಿಕೆ ಇಲ್ಲದೆ ಹೇಳಿಕೊಡಿ.

ತಿಂಡಿಗೆ ನಾನು ಮೇಲುಕೋಟೆ ಸೀಮೆಯವರ ದಾರಿ ಹಿಡಿಯುತ್ತೇನೆ: ಪುಳಿಯೋಗರೆ. ಹುಣಸೆ, ಎಣ್ಣೆ ಇರುವುದರಿಂದ ಬಿಸಿಲಿಗೂ ಬೇಗ ಹಳಸುವುದಿಲ್ಲ. ಕಾಯಿತುರಿ ಹಾಕಿದ ಚಿತ್ರಾನ್ನ, ಕಾಯಿ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಕೈಕೊಡುತ್ತವೆ. ಹೊರಡುವ ಮುಂಚೆ ಮನೆಯಲ್ಲಿ ಒಂದು ಲೋಟ ರಾಗಿ ಅಂಬಲಿ ಕುಡಿದು ಬಂದರೆ ಬಹಳ ಒಳ್ಳೆಯದು. ದಾರಿಗೆ ಕಡಲೆಬೀಜ, ಬೆಲ್ಲ, ಸೌತೆಕಾಯಿ, ಕಿತ್ತಳೆ. ಪ್ಲಾಸ್ಟಿಕ್ ಕವರ್ ಬೇಡ, ಸ್ಟೀಲ್ ಡಬ್ಬಿ ಇರಲಿ. ಕಸದ ಮಾತು ಒಂದು ಕಡೆ, ಕವರಿನ ಸರಬರ ಸದ್ದಿಗೆ ಕೋತಿಗಳು ಓಡಿ ಬರುತ್ತವೆ.

ಬಟ್ಟೆ ಹತ್ತಿಯದು, ತೋಳು ಉದ್ದ. ಶೂ ಹಳೆಯದು, ತಳ ಸವೆಯದ್ದು. ಶಾಲೆಯ ಕಪ್ಪು ಶೂ ಬಂಡೆ ಮೇಲೆ ಜಾರುತ್ತದೆ. ಸ್ಕಾರ್ಫ್ ಎಲ್ಲರ ಕೊರಳಲ್ಲೂ ಇರಲೇಬೇಕು. ಒದ್ದೆ ಮಾಡಿ ಕತ್ತಿಗೆ ಸುತ್ತಿದರೆ ತಂಪು, ಕೈ ಮುರಿದರೆ ತೂಗುಪಟ್ಟಿ, ಜೇನು ಎದ್ದರೆ ಮುಖಕ್ಕೆ ಮುಸುಕು.

ನಡೆಯುವ ಕ್ರಮ

ಮುಂದೆ ಒಬ್ಬ ದೊಡ್ಡವರು, ಹಿಂದೆ ಒಬ್ಬರು. ಮುಂದಿನವರನ್ನು ಯಾರೂ ದಾಟಬಾರದು, ಹಿಂದಿನವರ ಹಿಂದೆ ಯಾರೂ ಉಳಿಯಬಾರದು. ಎಲ್ಲಕ್ಕಿಂತ ನಿಧಾನ ನಡೆಯುವ ಮಗುವನ್ನು ಮುಂದಿನವರ ಪಕ್ಕಕ್ಕೆ ಹಾಕಿ. ದಳ ಅದರ ವೇಗದಲ್ಲಿ ನಡೆಯುತ್ತದೆ. ಹಿಂದೆ ಹಾಕಿದರೆ, ಉಳಿದವರು ನಿಂತು ಸುಧಾರಿಸಿಕೊಂಡು ಎದ್ದಾಗ ಆ ಮಗು ಏದುಸಿರು ಬಿಡುತ್ತಾ ಬಂದು ಸೇರುತ್ತದೆ, ಅದಕ್ಕೆ ಮಾತ್ರ ವಿಶ್ರಾಂತಿಯೇ ಸಿಗುವುದಿಲ್ಲ.

ಇಬ್ಬಿಬ್ಬರ ಜೋಡಿ ಮಾಡಿ, ಪ್ರತಿ ಮಗುವಿಗೂ ನಂಬರ್ ಕೊಡಿ. ನಿಂತ ಕಡೆಯೆಲ್ಲ ನಂಬರ್ ಕೂಗಿಸಿ. ಸೀಟಿಯ ಭಾಷೆ ಮೈದಾನದಲ್ಲೇ ಪಕ್ಕಾ ಆಗಿರಲಿ: ಒಂದು ಉದ್ದ ಸದ್ದು, ಸುಮ್ಮನಾಗಿ ಕೇಳು. ಚಿಕ್ಕ ಚಿಕ್ಕ ಸದ್ದು ಬೇಗಬೇಗ, ಬಂದು ಸೇರು. ಚಿಕ್ಕದು ಉದ್ದ ಚಿಕ್ಕದು ಉದ್ದ, ಅಪಾಯ. ದಾರಿ ಗುರುತಿಗೆ ಬಾಣ, ಕತ್ತರಿ ಗುರುತುಗಳನ್ನು ಕಡ್ಡಿ ಕಲ್ಲಿನಲ್ಲೇ ಮಾಡಿಸಿ. ಕೊನೆಯ ಪಟ್ರೋಲ್ ಅವನ್ನು ಅಳಿಸುತ್ತಾ ಬರಲಿ. ಬಂಡೆಗೆ ಬಣ್ಣ ಬಳಿಯುವುದು, ಹೆಸರು ಕೆತ್ತುವುದು ಬೇಡವೇ ಬೇಡ. ಒಲೆ, ಬೆಂಕಿ ಕೂಡ ಬೇಸಿಗೆಯಲ್ಲಿ ಪೂರ್ತಿ ನಿಷಿದ್ಧ.

ಅಪಾಯ ಬಂದರೆ

ಬಿಸಿಲು ಮೊದಲನೆಯದು. ತಲೆನೋವು, ಹೊಟ್ಟೆ ತೊಳಸು, ಕಾಲು ಸೆಳೆತ, ಮಾತು ಕಡಿಮೆಯಾಗಿ ಮಂಕಾಗುವುದು ಶುರುವಿನ ಗುರುತು. ತುಂಟ ಹುಡುಗ ಇದ್ದಕ್ಕಿದ್ದ ಹಾಗೆ ಸುಮ್ಮನಾದರೆ ಅವನನ್ನು ಮೊದಲು ನೋಡಿ. ನೆರಳಲ್ಲಿ ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಓಆರ್‌ಎಸ್ ಸ್ವಲ್ಪ ಸ್ವಲ್ಪ ಕುಡಿಸಿ. ಆ ಮಗು ಆ ದಿನ ಮತ್ತೆ ಹತ್ತಬಾರದು. ಮೈ ಸುಡುತ್ತಿದ್ದು, ಏನೇನೋ ಮಾತಾಡಿದರೆ, ತೂರಾಡಿದರೆ ಅದು ಜೀವಕ್ಕೆ ಅಪಾಯ. 108ಕ್ಕೆ ಫೋನ್ ಮಾಡಿಸಿ, ಆಂಬುಲೆನ್ಸ್ ಬರುವವರೆಗೆ ಕಾಯಬೇಡಿ. ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಬೀಸಿ, ಕತ್ತು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಸರಿಯಿಲ್ಲದಾಗ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಹೆಜ್ಜೇನಿನ ಗೂಡು ಕಂಡ ದಾರಿಯನ್ನೇ ಬಿಟ್ಟುಬಿಡಿ. ಸೆಂಟ್ ಹಾಕಿಕೊಂಡು ಬರಬಾರದು, ಕಲ್ಲು ಎಸೆಯಬಾರದು, ಕಿರುಚಬಾರದು. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಹೋಗಬೇಕು. ಗಾಡಿ ಅಥವಾ ಮುಚ್ಚಿದ ಕೋಣೆ ಸಿಕ್ಕರೆ ಒಳಗೆ ಸೇರಬೇಕು. ನೀರಿಗೆ ಹಾರುವುದು ತಪ್ಪು. ಆದರೆ ಬಂಡೆ ಅಂಚಿನಲ್ಲಿ ಕಣ್ಣು ಮುಚ್ಚಿ ಓಡುವುದು ಜೇನಿಗಿಂತ ಅಪಾಯ, ಹಾಗಾಗಿ ತಪ್ಪಿಸಿಕೊಳ್ಳುವ ದಿಕ್ಕನ್ನು ಮೊದಲೇ ತೋರಿಸಿರಿ. ಮುಳ್ಳುಗಳನ್ನು ಆದಷ್ಟು ಬೇಗ ತೆಗೆಯಿರಿ. ಮುಖ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆ.

ಚಿರತೆ ನಮ್ಮ ಎರಡೂ ಜಿಲ್ಲೆಯಲ್ಲಿದೆ, ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತದೆ. ಗುಂಪಾಗಿ ಮಾತಾಡಿಕೊಂಡು ನಡೆಯುವವರ ಹತ್ತಿರ ಅದು ಸಾಮಾನ್ಯವಾಗಿ ಬರುವುದಿಲ್ಲ. ಮೂತ್ರಕ್ಕೆ ಹೋಗುವಾಗಲೂ ಜೋಡಿ ಬಿಡಬಾರದು, ಕಬ್ಬಿನ ಅಂಚಿಗೆ ಹೋಗಬಾರದು. ಕಂಡರೆ ಓಡಬಾರದು, ಬಗ್ಗಬಾರದು. ಎಲ್ಲರೂ ಒತ್ತಾಗಿ ನಿಂತು, ಕೈ ಎತ್ತಿ ಜೋರಾಗಿ ಸದ್ದು ಮಾಡುತ್ತಾ, ಅದರ ಕಡೆ ಮುಖ ಇಟ್ಟುಕೊಂಡೇ ಹಿಂದೆ ಸರಿಯಬೇಕು.

ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಆ ಅಂಗ ಅಲುಗಾಡದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ಮಗುವನ್ನು ನಡೆಸದೆ ಹೊತ್ತು ತಂದು ಗಾಡಿ ಹತ್ತಿಸಿ. ವಿಷಕ್ಕೆ ಚುಚ್ಚುಮದ್ದು ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಅಂತ ಮೊದಲ ಸಲ ದಾರಿ ನೋಡಲು ಹೋದ ದಿನವೇ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿಕೊಂಡಿರಿ. ದೊಡ್ಡಾಸ್ಪತ್ರೆ ಅಂದರೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ.

ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ ಆ್ಯಪ್ ಫೋನಲ್ಲಿರಲಿ. ಗುಡುಗು ಕೇಳಿದರೆ ನೆತ್ತಿ ಬಿಟ್ಟು ಇಳಿಯಿರಿ. ಒಂಟಿ ಮರ, ಕಬ್ಬಿಣದ ಕಂಬಿ ಹತ್ತಿರ ನಿಲ್ಲಬೇಡಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಬಯಲಿಗೆ ಬರಬೇಡಿ.

ಇನ್ನೊಂದು, ನಾಲೆ. ಪಾಂಡವಪುರ ಸುತ್ತ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹರಿಯುತ್ತದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುವಾಗ ಇವತ್ತು ಒಣಗಿದ್ದ ನಾಲೆ ನಾಳೆ ತುಂಬಿ ಹರಿಯಬಹುದು. ದಾರಿ ನೋಡಲು ಹೋದಾಗ ಖಾಲಿ ಇತ್ತು ಅಂತ ನಂಬಬೇಡಿ. ಕಾಂಕ್ರೀಟ್ ಅಂಚಿನಲ್ಲಿ ಜಾರಿದರೆ ಮೇಲೆ ಬರಲು ಹಿಡಿ ಸಿಗುವುದಿಲ್ಲ. ಕೈಕಾಲು ತೊಳೆಯಲೂ ಇಳಿಸಬಾರದು.

ನೆರಳಿನ ಹೊತ್ತು

ಇಳಿದ ಮೇಲೆ ದಿನ ಮುಗಿಯಲಿಲ್ಲ. ಹೊಂಗೆ ಮರದ ಕೆಳಗೆ ಊಟ, ಒಂದು ಗಂಟೆ ವಿಶ್ರಾಂತಿ, ಆಮೇಲೆ ಗಂಟು, ಸ್ಟ್ರೆಚರ್ ಕಟ್ಟುವುದು. ನನಗೆ ಬಹಳ ಇಷ್ಟದ ಕೆಲಸ ಒಂದಿದೆ. ಬಿಸಿಲಲ್ಲಿ ಒಂದು ಕೋಲು ನೆಟ್ಟಗೆ ನೆಟ್ಟು, ಹನ್ನೆರಡರಿಂದ ಐದು ನಿಮಿಷಕ್ಕೊಮ್ಮೆ ಒಬ್ಬ ಹುಡುಗ ಓಡಿ ಹೋಗಿ ನೆರಳಿನ ತುದಿಗೆ ಕಲ್ಲಿಟ್ಟು ಬರಬೇಕು. ನೆರಳು ಎಲ್ಲಕ್ಕಿಂತ ಚಿಕ್ಕದಾಗುವುದು ಹನ್ನೆರಡಕ್ಕಲ್ಲ, 12:20 ದಾಟಿದ ಮೇಲೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ ಅಂತ ಮಕ್ಕಳೇ ಗುಣಿಸಿ ನೋಡಲಿ. ಕಲ್ಲುಗಳ ಸಾಲು ಪೂರ್ವ ಪಶ್ಚಿಮ ತೋರಿಸುತ್ತದೆ, ದಿಕ್ಸೂಚಿ ಇಟ್ಟು ತಾಳೆ ನೋಡಬಹುದು. ಏಪ್ರಿಲ್ ನಾಲ್ಕನೇ ವಾರವಾದರೆ ನೆರಳು ಕೋಲಿನ ಬುಡದಲ್ಲೇ ಅಡಗಿಹೋಗುತ್ತದೆ. ಅದನ್ನು ನೋಡಿದ ಮಗುವಿಗೆ ಹತ್ತೂವರೆಯ ನಿಯಮ ಯಾಕೆ ಅಂತ ಮತ್ತೆ ಹೇಳಬೇಕಾಗಿಲ್ಲ.

ಕಕ್ಕೆ ಹೂವು, ನವಿಲಿನ ಕೂಗು, ಕಂಡ ಹಕ್ಕಿಗಳ ಹೆಸರು ನೋಟ್‌ಬುಕ್ಕಿಗೆ ಬರಲಿ. ಕವಳೆ, ಕಾರೆ ಹಣ್ಣನ್ನು ಗುರುತು ಗೊತ್ತಿದ್ದವರು ತೋರಿಸದೆ ಯಾರೂ ಬಾಯಿಗೆ ಹಾಕಬಾರದು.

ಮೂರು ಗಂಟೆಗೆ ಗಾಡಿ ಹತ್ತಿ. ಹತ್ತುವ ಮುಂಚೆ ಒಮ್ಮೆ, ಹತ್ತಿದ ಮೇಲೆ ಒಮ್ಮೆ ನಂಬರ್ ಕೂಗಿಸಿ. ಕೂತ ಜಾಗದ ಕಸ ನಿಮ್ಮದಲ್ಲದಿದ್ದರೂ ಒಂದು ಚೀಲದಷ್ಟು ಎತ್ತಿಕೊಳ್ಳಿ. ಊರಲ್ಲಿ ನಿಮ್ಮ ವೇಳಾಪಟ್ಟಿ ಇಟ್ಟುಕೊಂಡು ಕೂತಿರುವ ಒಬ್ಬರು ಇರಬೇಕು. ಬೆಳಿಗ್ಗೆ ಹನ್ನೊಂದರೊಳಗೆ, ಬೆಟ್ಟ ಇಳಿದೆವು ಅಂತ ನಿಮ್ಮ ಫೋನ್ ಬರದಿದ್ದರೆ ಅರಣ್ಯ ಕಚೇರಿಗೆ, ಠಾಣೆಗೆ ತಿಳಿಸುವುದು ಅವರ ಕೆಲಸ. ಅವರಿಗೂ, ಅರಣ್ಯ ಕಚೇರಿಗೂ, ಠಾಣೆಗೂ ‘ಎಲ್ಲರೂ ವಾಪಸ್ ಬಂದೆವು’ ಅಂತ ಅದೇ ಸಂಜೆ ತಿಳಿಸಿ. ಹೈಕ್ ವರದಿಯನ್ನು ಪ್ರತಿ ಪಟ್ರೋಲ್ ಒಂದು ವಾರದೊಳಗೆ ಬರೆದು ಕೊಡಲಿ. ಹೊರಟ ಸಮಯ, ತಿರುಗಿದ ಸಮಯ, ಉಳಿದ ನೀರು ಎಷ್ಟು, ದಾರಿಯ ನಕ್ಷೆ ಅದರಲ್ಲಿರಬೇಕು. ಅದನ್ನು ದಳದ ಫೈಲಿನಲ್ಲಿ ಇಡಿ, ಮುಂದಿನ ವರ್ಷದ ಪಟ್ರೋಲ್ ಲೀಡರ್‌ಗಳಿಗೆ ಮೊದಲ ಸಭೆಯಲ್ಲೇ ಬೇಕಾಗುತ್ತದೆ.